ಒಂದೇ ಗಿಟಾರ್, ಎರಡು ಕೆಲಸ: ರಿದಂ ಮತ್ತು ಲೀಡಿಗೆ ಪ್ರಿಆಂಪ್ ಆರಿಸುವುದು ಹೇಗೆ?

ಕಾಲೇಜಿನ ವಾರ್ಷಿಕೋತ್ಸವದಲ್ಲಿ ವಾದ್ಯವೃಂದವೊಂದು ನುಡಿಸುತ್ತಿರುವ ಸನ್ನಿವೇಶವನ್ನು ನೆನಪಿಗೆ ತಂದುಕೊಳ್ಳಿ. ಡ್ರಮ್ಸ್ ಇದೆ, ಬಾಸ್ ಇದೆ, ಹಾಡುವವರಿದ್ದಾರೆ, ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. ಹಾಡು ನಡೆಯುತ್ತಿರುವಾಗ ಗಿಟಾರ್ ಹಿಡಿದ ಹುಡುಗಿ ಆರೂ ತಂತಿಗಳನ್ನು ಸೇರಿಸಿ ಬಾರಿಸುತ್ತಾಳೆ. ಹಿಂದಿನ ಸಾಲಿನಲ್ಲಿ ಕುಳಿತ ನಿಮಗೆ ಕೇಳುವುದು ಯಾವ ಸ್ವರವೂ ಬಿಡಿಸಿ ತಿಳಿಯದ ಗೊರಗೊರ ಸದ್ದು ಮಾತ್ರ. ಆಮೇಲೆ ಅವಳ ಸರದಿ ಬರುತ್ತದೆ. ಕಣ್ಣು ಮುಚ್ಚಿ ಒಂದೊಂದೇ ಸ್ವರವನ್ನು ಎಳೆದೆಳೆದು ಮೀಟುತ್ತಾಳೆ. ಅದು ಡ್ರಮ್ಸಿನ ಹಿಂದೆ ಎಲ್ಲೋ ಮುಳುಗಿಹೋಗುತ್ತದೆ. "ಪಾಪ, ಅಭ್ಯಾಸ ಸಾಲದು" ಎಂದು ಪಕ್ಕದವರು ಹೇಳುತ್ತಾರೆ. ಅಭ್ಯಾಸ ಸಾಕಷ್ಟು ಆಗಿರಲೂಬಹುದು. ತಪ್ಪು ಅವಳ ಬೆರಳುಗಳಲ್ಲಿ ಇಲ್ಲದೆ, ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ಇರುವ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಇರಬಹುದು. ಆ ಪೆಟ್ಟಿಗೆಯ ಹೆಸರು ಪ್ರಿಆಂಪ್, ಅಂದರೆ ಪೂರ್ವವರ್ಧಕ.

ಮೊದಲಿಗೆ ಎರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಾಡಿಗೆ ಲಯದ ಆಸರೆಯಾಗಿ ಹಲವು ತಂತಿಗಳನ್ನು ಒಟ್ಟಿಗೆ ಬಾರಿಸುವುದು ರಿದಂ. ಒಂದೊಂದೇ ಸ್ವರವನ್ನು ಹಾಡಿನಂತೆ ನುಡಿಸುವುದು ಲೀಡ್. ಇವೆರಡನ್ನೂ ಒಂದೇ ವಾದ್ಯದ ಮೇಲೆ ಒಬ್ಬರೇ ನುಡಿಸುವುದರಿಂದ ಒಂದೇ ಬಗೆಯ ಪ್ರಿಆಂಪ್ ಸಾಕೆಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ರಿದಂ ಕೇಳುವುದು ಒಂದನ್ನು, ಲೀಡ್ ಕೇಳುವುದು ಬಹುಮಟ್ಟಿಗೆ ಅದರ ವಿರುದ್ಧವಾದದ್ದನ್ನು. ಹೀಗೇಕೆ ಎಂಬುದು ತಿಳಿದರೆ ಅಂಗಡಿಯಲ್ಲಿ ಆಯ್ಕೆ ಸುಲಭವಾಗುತ್ತದೆ, ತಂದೆತಾಯಿ ಕೊಟ್ಟ ಹಣವೂ ಉಳಿಯುತ್ತದೆ.

ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ಇರುತ್ತದೆ. ಇದಕ್ಕೆ ಪಿಕಪ್ ಎನ್ನುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನಿಮ್ಮ ಭೌತವಿಜ್ಞಾನ ಪುಸ್ತಕದಲ್ಲಿರುವ ಫ್ಯಾರಡೆಯ ನಿಯಮವೇ ಇದು. ಹೀಗೆ ಹುಟ್ಟುವ ಸಂಜ್ಞೆ ಬಹಳ ದುರ್ಬಲ. ಸಾಮಾನ್ಯವಾಗಿ ನೂರು ಮಿಲಿವೋಲ್ಟ್ ಆಸುಪಾಸು, ಬಲವಾಗಿ ಮೀಟಿದ ಕ್ಷಣದಲ್ಲಿ ಒಂದು ವೋಲ್ಟಿನ ಹತ್ತಿರ. ಇದನ್ನು ಹಿಗ್ಗಿಸಿ, ಅದರ ಬಣ್ಣವನ್ನು ತಿದ್ದಿ, ಪವರ್ ಆಂಪಿಗೆ ಒಪ್ಪಿಸುವುದು ಪ್ರಿಆಂಪಿನ ಕೆಲಸ. ಸ್ಪೀಕರನ್ನು ಅಲುಗಿಸುವ ಶಕ್ತಿ ಬರುವುದು ಪವರ್ ಆಂಪಿನಿಂದ. ಆದರೆ ಒಗ್ಗರಣೆ ಬೀಳುವುದು ಪ್ರಿಆಂಪಿನಲ್ಲಿ. ಪವರ್ ಆಂಪ್ ಬಡಿಸುವವನಿದ್ದಂತೆ.

ಹಿಂದೆ ಇವೆರಡೂ ಒಂದೇ ಮರದ ಪೆಟ್ಟಿಗೆಯೊಳಗೆ ಬೇರ್ಪಡಿಸಲಾಗದಂತೆ ಕೂಡಿಕೊಂಡಿರುತ್ತಿದ್ದವು. ಧ್ವನಿ ಬೇಸರವಾದರೆ ಇಡೀ ಆಂಪನ್ನೇ ಬದಲಿಸಬೇಕಿತ್ತು. ಪ್ರಿಆಂಪನ್ನು ಮಾತ್ರ ಒಂದು ಸಣ್ಣ ಮಾಡ್ಯೂಲ್ ಆಗಿ ಮಾಡಿ, ಗೂಡಿಗೆ ತಳ್ಳಿ ಕೂರಿಸುವಂತೆ ಮಾಡಿದರೆ ಹೇಗೆ? ಈ ವಿಚಾರಕ್ಕೆ ಹೆಸರಾದವರು ಅಮೆರಿಕದ ಬ್ರೂಸ್ ಎಗ್ನೇಟರ್. ಅವರ ವಿನ್ಯಾಸವನ್ನು ರಾಂಡಲ್ ಕಂಪನಿ 2000ದ ದಶಕದಲ್ಲಿ ಎಂಟಿಎಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಬಂದ ಸಿನರ್ಜಿ ವ್ಯವಸ್ಥೆಯಲ್ಲಿ ಸೋಲ್ಡಾನೋ, ಫ್ರೀಡ್ಮನ್, ಬೋಗ್ನರ್, ಡೀಜೆಲ್ ಮುಂತಾದ ಬೇರೆ ಬೇರೆ ತಯಾರಕರ ಧ್ವನಿಗಳು ಒಂದೇ ಅಳತೆಯ ಮಾಡ್ಯೂಲುಗಳಾಗಿ ಸಿಗುತ್ತವೆ. ಕೇಳಲು ಸೊಗಸಾಗಿದೆ. ಆದರೆ ಆಯ್ಕೆ ಹೆಚ್ಚಿದಷ್ಟೂ ಗೊಂದಲವೂ ಹೆಚ್ಚುತ್ತದೆ. ಆದ್ದರಿಂದ ಒಳಗೆ ಏನು ನಡೆಯುತ್ತದೆಂದು ಸ್ವಲ್ಪ ನೋಡೋಣ.

ಇಂಥ ಮಾಡ್ಯೂಲುಗಳ ಹೃದಯ 12ಎಎಕ್ಸ್7 ಎಂಬ ನಿರ್ವಾತ ನಳಿಕೆ, ಬಳಕೆಯ ಮಾತಿನಲ್ಲಿ ವಾಲ್ವ್. ಯೂರೋಪಿನಲ್ಲಿ ಇದನ್ನೇ ಇಸಿಸಿ83 ಎಂದು ಕರೆಯುತ್ತಾರೆ. ಟ್ರಾನ್ಸಿಸ್ಟರ್ ಬರುವ ಮುಂಚಿನ ರೇಡಿಯೋಗಳಲ್ಲಿ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಬುರುಡೆಗಳ ಸಂಬಂಧಿ ಇದು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದು ಕಾಲದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ರೇಡಿಯೋ ಇದ್ದರೆ ಒಮ್ಮೆ ಅದರ ಬೆನ್ನಿನತ್ತ ನೋಡಿ. ಒಂದು 12ಎಎಕ್ಸ್7ರ ಗಾಜಿನೊಳಗೆ ಎರಡು ಪ್ರತ್ಯೇಕ ವರ್ಧಕಗಳಿರುತ್ತವೆ. ಪ್ರತಿಯೊಂದೂ ಸಂಜ್ಞೆಯನ್ನು ಸುಮಾರು 50 ಪಟ್ಟು ಹಿಗ್ಗಿಸಬಲ್ಲದು.

ಈಗ ಲೆಕ್ಕ ಮಾಡಿ. ನೂರು ಮಿಲಿವೋಲ್ಟ್ ಮೊದಲ ಹಂತದಲ್ಲಿ 5 ವೋಲ್ಟ್ ಆಗುತ್ತದೆ. ಅದನ್ನು ತಡೆಯಿಲ್ಲದೆ ಎರಡನೆಯ ಹಂತಕ್ಕೆ ಕೊಟ್ಟರೆ ಮೇಲಕ್ಕೆ 250, ಕೆಳಕ್ಕೆ 250, ಒಟ್ಟು 500 ವೋಲ್ಟಿನಷ್ಟು ತೂಗಾಡಬೇಕು. ಆದರೆ ವಾಲ್ವಿಗೆ ನಾವು ಕೊಟ್ಟಿರುವ ಸರಬರಾಜೇ 300 ವೋಲ್ಟಿನ ಆಸುಪಾಸು. ಇಲ್ಲದ್ದನ್ನು ಅದು ಎಲ್ಲಿಂದ ತಂದೀತು? ಅಲೆಯ ನೆತ್ತಿ ಮೇಲಿನ ಚಾವಣಿಗೆ ತಾಗಿ ಚಪ್ಪಟೆಯಾಗುತ್ತದೆ. ಇದೇ ವಿರೂಪ, ಅಂದರೆ ಡಿಸ್ಟಾರ್ಷನ್. ಎರಡು ಹಂತಗಳ ನಡುವೆ ಇರುವ ನಲ್ಲಿಯಂಥ ಗುಂಡಿಗೆ ಗೇನ್ ಎಂದು ಹೆಸರು. ಎಷ್ಟು ಸಂಜ್ಞೆ ಮುಂದಿನ ಹಂತಕ್ಕೆ ಹೋಗಬೇಕು, ಎಷ್ಟು ಚಪ್ಪಟೆಯಾಗಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ.

ರೇಡಿಯೋ ಎಂಜಿನಿಯರಿಗೆ ವಿರೂಪ ಶತ್ರು. ಗಿಟಾರ್ ವಾದಕರಿಗೆ ಅದು ಹೇಗೋ ಸ್ನೇಹಿತನಾಯಿತು. 1958ರಲ್ಲಿ 'ರಂಬಲ್' ಎಂಬ ವಾದ್ಯಕೃತಿಗಾಗಿ ಅಮೆರಿಕದ ಲಿಂಕ್ ರೇ ತನ್ನ ಆಂಪಿನ ಸ್ಪೀಕರ್ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ಸ್ಪೀಕರನ್ನು ಸೀಳಿದ. ನೀವು ಹಾಗೆ ಮಾಡಬೇಕಾಗಿಲ್ಲ! 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ರಾಂಡಲ್ ಸ್ಮಿತ್ ತಮ್ಮ ಬೂಗಿ ಆಂಪುಗಳಲ್ಲಿ ಒಂದರ ಹಿಂದೆ ಒಂದು ವಾಲ್ವ್ ಹಂತಗಳನ್ನು ಜೋಡಿಸಿ, ಸಣ್ಣ ಶಬ್ದದಲ್ಲೂ ತುಂಬು ವಿರೂಪ ಸಿಗುವಂತೆ ಮಾಡಿದರು. ಇಂದಿನ ಹೆಚ್ಚಿನ ಲೀಡ್ ಪ್ರಿಆಂಪುಗಳು ಈ ದಾರಿಯಲ್ಲೇ ನಡೆದಿವೆ.

ಈಗ ಬಹಳ ಮುಖ್ಯವಾದ ಭಾಗಕ್ಕೆ ಬರೋಣ. ಇದನ್ನು ಪರದೆಯ ಮೇಲಾದರೆ ನುಡಿಸಿ ತೋರಿಸಬಹುದಿತ್ತು. ಪುಟದಲ್ಲಿ ಅಂಕಿಗಳನ್ನೇ ನಂಬಬೇಕು. ಒಂದೇ ಸ್ವರದ ಅಲೆಯನ್ನು ಚಪ್ಪಟೆ ಮಾಡಿದರೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಮೇಲ್ಸ್ವರಗಳು ಹುಟ್ಟುತ್ತವೆ. 440 ಹರ್ಟ್ಸ್ ಸ್ವರಕ್ಕೆ 880, 1320, 1760 ಹೀಗೆ. ಇವೆಲ್ಲ ಮೂಲಸ್ವರದ ಬಂಧುಗಳೇ ಆದ್ದರಿಂದ ನಾದ ಕೆಡುವುದಿಲ್ಲ. ತುಂಬಿಕೊಳ್ಳುತ್ತದೆ, ಪಿಟೀಲಿನಂತೆ ಹಾಡುತ್ತದೆ.

ಎರಡು ಸ್ವರಗಳನ್ನು ಒಟ್ಟಿಗೆ ಕಳಿಸಿದಾಗ ಕಥೆ ಬೇರೆ. ಆಗ ಎರಡರ ಮೊತ್ತ, ಎರಡರ ವ್ಯತ್ಯಾಸ, ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದದ್ದು, ಹೀಗೆ ನೀವು ಮೀಟದೇ ಇದ್ದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಗಿಟಾರಿನ ಐದನೆಯ ತಂತಿ 110 ಹರ್ಟ್ಸ್. ಅದನ್ನು ಷಡ್ಜ ಎಂದುಕೊಳ್ಳಿ. ಪಂಚಮ 165ರ ಹತ್ತಿರ ಬರುತ್ತದೆ. ವ್ಯತ್ಯಾಸ 55, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. 110ರ ಇಮ್ಮಡಿಯಿಂದ 165 ಕಳೆದರೂ 55. 165ರ ಇಮ್ಮಡಿಯಿಂದ 110 ಕಳೆದರೆ 220, ಮೇಲಿನ ಷಡ್ಜ. ಎಲ್ಲವೂ ಶ್ರುತಿಯಲ್ಲೇ! ತಂಬೂರಿಯ ಸ-ಪ ಏಕೆ ಅಷ್ಟು ಸಮಾಧಾನ ಕೊಡುತ್ತದೆ ಎಂಬುದಕ್ಕೂ ಈ ನೆಂಟಸ್ತಿಕೆ ಒಂದು ಕಾರಣ. ರಾಕ್ ವಾದಕರು ಷಡ್ಜ-ಪಂಚಮ ಎರಡೇ ಸ್ವರಗಳ ಪವರ್ ಕಾರ್ಡನ್ನು ಭಾರೀ ಗೇನ್ ಇಟ್ಟು ಬಾರಿಸಿದರೂ ಅದು ಕಲಕದೆ ಗಟ್ಟಿಯಾಗಿ ನಿಲ್ಲುವುದು ಇದರಿಂದಲೇ.

ಈಗ ಗಾಂಧಾರವನ್ನು ಸೇರಿಸಿ ನೋಡಿ. ಗಿಟಾರಿನ ಮೆಟ್ಟಿಲುಗಳು ಸಮಪಾಲಿನವು. ಆದ್ದರಿಂದ ಅಲ್ಲಿ ಸಿಗುವ ಗಾಂಧಾರ 138.6 ಹರ್ಟ್ಸ್. ಶುದ್ಧ ಲೆಕ್ಕದ ಅಂತರ ಗಾಂಧಾರವಾದರೆ 137.5 ಇರಬೇಕಿತ್ತು. ವ್ಯತ್ಯಾಸ ಒಂದೇ ಒಂದು ಹರ್ಟ್ಸ್ ಎಂದು ನಗಬೇಡಿ. 138.6ರ ಇಮ್ಮಡಿಯಿಂದ 110 ಕಳೆಯಿರಿ: 167.2 ಬಂತು. ಅದೇ ಕಾರ್ಡಿನಲ್ಲಿ ನೀವು ಮೀಟಿರುವ ಪಂಚಮ 164.8ರಲ್ಲಿದೆ. ಎರಡೂ ಒಟ್ಟಿಗೆ ಮೊಳಗಿ ಸೆಕೆಂಡಿಗೆ ಎರಡು ಚಿಲ್ಲರೆ ಬಾರಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಇದು ಮೂರು ಸ್ವರಗಳಿಂದ ಹುಟ್ಟಿದ ಒಂದು ಕೂಸಿನ ಗಲಾಟೆ ಮಾತ್ರ. ಆರು ತಂತಿಗಳು, ಪ್ರತಿಯೊಂದಕ್ಕೂ ಹತ್ತಾರು ಮೇಲ್ಸ್ವರಗಳು, ಅವುಗಳ ಪರಸ್ಪರ ಮೊತ್ತ ವ್ಯತ್ಯಾಸಗಳು ಎಂದು ಊಹಿಸಿಕೊಂಡರೆ ವಾರ್ಷಿಕೋತ್ಸವದಲ್ಲಿ ಕೇಳಿದ ಗೊರಗೊರ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಗೇನ್ ಹೆಚ್ಚಿದಷ್ಟೂ ಈ ಬಿಟ್ಟಿ ಸ್ವರಗಳು ಬಲವಾಗುತ್ತವೆ.

ನಾನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಕಾಲೇಜಿನಲ್ಲಿದ್ದಾಗ ಗೆಳೆಯರೆಲ್ಲ ಚಂದಾ ಹಾಕಿ ಒಂದು ಸೆಕೆಂಡ್‌ಹ್ಯಾಂಡ್ ಪ್ರಿಆಂಪ್ ಕೊಂಡೆವು. ಅಂಗಡಿಯಲ್ಲಿ ನಾನು ಪರೀಕ್ಷಿಸಿದ್ದು ಒಂದೇ ವಿಷಯವನ್ನು: ಮೇಲಿನ ತಂತಿಯ ಮೇಲೆ ಒಂದು ಸ್ವರ ಮೀಟಿ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ನಿಂತೇ ನಿಂತಿತು. ಮರುಳಾಗಿ ತಂದೆವು. ಸ್ಪರ್ಧೆಯ ದಿನ ಹಾಡಿನ ಮುಕ್ಕಾಲು ಪಾಲು ನಾನು ಬಾರಿಸಬೇಕಾಗಿದ್ದದ್ದು ಕಾರ್ಡುಗಳನ್ನು. ನಡುವೆ ಧ್ವನಿ ವ್ಯವಸ್ಥೆಯವರು ಬಂದು "ಯಾವುದೋ ವೈರ್ ಲೂಸ್ ಇದೆ" ಎಂದು ನನ್ನ ಕೇಬಲ್ಲನ್ನು ಎರಡು ಸಲ ಕಿತ್ತು ಹಾಕಿದರು. ವೈರ್ ಸರಿಯಾಗಿಯೇ ಇತ್ತು. ಆ ಪ್ರಿಆಂಪಿನಲ್ಲಿ ಗೇನನ್ನು ಎಷ್ಟು ಇಳಿಸಿದರೂ ಸ್ವಚ್ಛವಾದ ಕಾರ್ಡ್ ಬರುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಲೀಡಿಗೆ ಗೇನ್ ಎಷ್ಟಿದ್ದರೂ ಆದೀತೇ? ಅಲ್ಲೂ ಒಂದು ಮಿತಿಯಿದೆ. ಮೀಟಿದ ತಂತಿಯ ನಾದ ತಾನಾಗಿ ಕ್ಷೀಣಿಸುತ್ತ ಹೋಗುತ್ತದೆ. ಚಾವಣಿಗಿಂತ ಎತ್ತರದಲ್ಲಿರುವಷ್ಟು ಹೊತ್ತೂ ಹೊರಗೆ ಬರುವ ಮಟ್ಟ ಒಂದೇ ಆಗಿರುವುದರಿಂದ ಸ್ವರ ಎಳೆದು ನಿಂತಂತೆ ಕೇಳುತ್ತದೆ. ಲೆಕ್ಕಕ್ಕೆಂದು, ನಾದ ಸೆಕೆಂಡಿಗೊಮ್ಮೆ ಅರ್ಧವಾಗುತ್ತದೆ ಎಂದಿಟ್ಟುಕೊಳ್ಳಿ. ಚಾವಣಿಯ ಎರಡು ಪಟ್ಟು ಗೇನ್ ಇದ್ದರೆ ಸ್ವರ ಒಂದು ಸೆಕೆಂಡ್ ನಿಲ್ಲುತ್ತದೆ, 32 ಪಟ್ಟು ಇದ್ದರೆ ಐದು ಸೆಕೆಂಡ್. ಆರನೆಯ ಸೆಕೆಂಡಿಗೆ 64 ಪಟ್ಟು ಬೇಕು. ಒಂದು ಸೆಕೆಂಡಿನ ಆಸೆಗೆ ಗೇನ್ ಇಮ್ಮಡಿಯಾಯಿತು. ಅದರ ಜೊತೆಗೆ ಪಿಕಪ್ ಹಿಡಿದುಕೊಳ್ಳುವ 50 ಹರ್ಟ್ಸ್ ಮೈನ್ಸ್ ಗುಂಯ್‌ಗುಡುವಿಕೆ, ವಾಲ್ವಿನ ಸರಸರ ಸದ್ದು ಎಲ್ಲವೂ ಇಮ್ಮಡಿಯಾದವು. ಒಂದೇ ಸುರುಳಿಯ ಪಿಕಪ್ ಇರುವ ಗಿಟಾರ್ ನಿಮ್ಮದಾದರೆ ಈ ಗುಂಯ್ ಇನ್ನೂ ಹೆಚ್ಚು. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಗುಂಯ್ಯನ್ನು ಕಳೆದುಹಾಕುವ ಹಂಬಕರ್ ಪಿಕಪ್ಪನ್ನು 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ್ದು ಈ ತೊಂದರೆಗಾಗಿಯೇ.

ಇನ್ನೊಂದು ಮಾತು. ಚಾವಣಿಗೆ ತಾಗಿರುವ ಸ್ವರವನ್ನು ಎಷ್ಟು ಜೋರಾಗಿ ಮೀಟಿದರೂ ಅದು ಜೋರಾಗುವುದಿಲ್ಲ. ಆದ್ದರಿಂದಲೇ ನಮ್ಮ ಹುಡುಗಿಯ ಲೀಡ್ ಮುಳುಗಿದ್ದು. ಲೀಡ್ ಎದ್ದು ಕೇಳಬೇಕಾದರೆ ಬೇಕಾದದ್ದು ಎರಡು: ರಿದಮ್ಮಿಗಿಂತ 3ರಿಂದ 6 ಡೆಸಿಬೆಲ್ ಹೆಚ್ಚಿನ ಮಟ್ಟ ಮತ್ತು ಮಧ್ಯಮ ಆವೃತ್ತಿಗಳು, ಅಂದಾಜು 500ರಿಂದ 1500 ಹರ್ಟ್ಸ್. ಮಟ್ಟವನ್ನು ಏರಿಸುವುದು ಗೇನ್ ಗುಂಡಿಯಲ್ಲ, ಅದರ ನಂತರ ಬರುವ ಮಾಸ್ಟರ್ ಅಥವಾ ಲೆವೆಲ್ ಗುಂಡಿ. 6 ಡೆಸಿಬೆಲ್ ಏರಿಕೆಗೆ ಪವರ್ ಆಂಪ್ ನಾಲ್ಕು ಪಟ್ಟು ಶಕ್ತಿ ಕೊಡಬೇಕಾಗುತ್ತದೆ. ರಿದಂ ನುಡಿಸುವಾಗಲೇ ಆಂಪನ್ನು ತುದಿಗೆ ತಿರುಗಿಸಿಟ್ಟರೆ ಲೀಡಿಗೆ ಏರಲು ಜಾಗವೇ ಉಳಿಯುವುದಿಲ್ಲ.

ಬಾಸ್, ಮಿಡ್, ಟ್ರೆಬಲ್ ಎಂಬ ಮೂರು ಗುಂಡಿಗಳು ಎಲ್ಲ ಮಾಡ್ಯೂಲುಗಳಲ್ಲೂ ಇರುತ್ತವೆ. ಅವು ಸರಪಳಿಯಲ್ಲಿ ಎಲ್ಲಿ ಕೂತಿವೆ ಎಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಮಾಡ್ಯೂಲಿನ ಸ್ವಭಾವವನ್ನು ತಿಳಿಸುವ ಒಂದೇ ಪ್ರಶ್ನೆ ಇದು. ವಿರೂಪಕ್ಕೆ ಮುಂಚೆ ಕೂತಿದ್ದರೆ ಅವು ಯಾವ ಆವೃತ್ತಿಗಳು ಚಪ್ಪಟೆಯಾಗಬೇಕು ಎಂಬುದನ್ನು ನಿರ್ಧರಿಸುತ್ತವೆ. ವಿರೂಪದ ನಂತರ ಕೂತಿದ್ದರೆ, ಆಗಲೇ ಚಪ್ಪಟೆಯಾದದ್ದಕ್ಕೆ ಬಣ್ಣ ಹಚ್ಚುತ್ತವೆ.

ಫೆಂಡರ್ ಬಗೆಯ ಪ್ರಿಆಂಪಿನಲ್ಲಿ ಟೋನ್ ಗುಂಡಿಗಳು ಮೊದಲ ವಾಲ್ವ್ ಹಂತದ ಬೆನ್ನಿಗೇ ಬರುತ್ತವೆ. ಮಧ್ಯಮ ಆವೃತ್ತಿಗಳು ಸಹಜವಾಗಿ ತಗ್ಗಿರುತ್ತವೆ, ಗೇನ್ ಕಡಿಮೆ. ಬಿಡಿಸಿ ನುಡಿಸುವ ಕಾರ್ಡುಗಳಿಗೆ, ಹಾಡಿನ ಹಿಂದೆ ತಗ್ಗಿ ನಿಲ್ಲುವ ರಿದಮ್ಮಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ. ಲೀಡಿಗೆ ಬಂದಾಗ ಮಾತ್ರ ಬಡವಾಗುತ್ತದೆ, ಮುಂದೆ ಒಂದು ಪೆಡಲ್ ಬೇಕಾಗುತ್ತದೆ. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು 1962ರಲ್ಲಿ ಫೆಂಡರಿನ ಬಾಸ್‌ಮನ್ ಆಂಪನ್ನೇ ಮಾದರಿಯಾಗಿಟ್ಟುಕೊಂಡು ತಮ್ಮ ಮೊದಲ ಆಂಪನ್ನು ಕಟ್ಟಿದರು. ಅಲ್ಲಿ ಟೋನ್ ಗುಂಡಿಗಳು ವರ್ಧನೆಯ ಹಂತಗಳು ಮುಗಿದ ಮೇಲೆ ಬರುತ್ತವೆ. ಮಧ್ಯಮ ಸ್ವರಗಳು ಮುಂದೆ ಚಾಚಿರುತ್ತವೆ. ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯನ್ನು ಇಳಿಸಿದರೆ ಧ್ವನಿ ತಿಳಿಯಾಗುತ್ತದೆ, ಏರಿಸಿದರೆ ಹಾಡುತ್ತದೆ. ಒಂದೇ ಮಾಡ್ಯೂಲ್ ಕೊಳ್ಳಲು ಮಾತ್ರ ಹಣವಿರುವ ವಿದ್ಯಾರ್ಥಿಗೆ ನಾನು ಹೇಳುವುದು ಈ ಬಗೆಯನ್ನೇ. 1987ರಲ್ಲಿ ಬಂದ ಸೋಲ್ಡಾನೋ ಎಸ್ಎಲ್ಓ ಇದೇ ದಾರಿಯಲ್ಲಿ ಇನ್ನೂ ಹೆಚ್ಚು ಗೇನ್ ಹಂತಗಳನ್ನು ಸೇರಿಸಿತು. ಲೀಡ್ ಅಮೋಘ. ಆದರೆ ಆ ಲೀಡ್ ಚಾನೆಲಿನಲ್ಲಿ ಗಾಂಧಾರವಿರುವ ಕಾರ್ಡ್ ಬಾರಿಸುವ ಮುಂಚೆ ಎರಡು ಬಾರಿ ಯೋಚಿಸಿ.

ಬೂಗಿ ಮಾರ್ಕ್ ಬಗೆ ಇವೆಲ್ಲಕ್ಕಿಂತ ವಿಚಿತ್ರ. ಟೋನ್ ಗುಂಡಿಗಳು ಮೊದಲು, ಭಾರೀ ವಿರೂಪ ಆಮೇಲೆ. ಅಲ್ಲಿ ಬಾಸ್ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದರೆ 82 ಹರ್ಟ್ಸಿನ ದಪ್ಪ ತಂತಿ ವಾಲ್ವುಗಳನ್ನೆಲ್ಲ ತುಂಬಿಕೊಂಡು ಧ್ವನಿ ಕೆಸರಾಗುತ್ತದೆ. ಬಲ್ಲವರು ಬಾಸನ್ನು ಒಂದೆರಡು ಅಂಕದಲ್ಲಿಟ್ಟು, ಕಳೆದುಕೊಂಡ ಗಾಂಭೀರ್ಯವನ್ನು ಕೊನೆಯಲ್ಲಿರುವ ಗ್ರಾಫಿಕ್ ಈಕ್ವಲೈಸರಿನಿಂದ ಮರಳಿ ಪಡೆಯುತ್ತಾರೆ. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ ಎಲ್ಲ ಗುಂಡಿಗಳನ್ನೂ ಮಧ್ಯಕ್ಕಿಟ್ಟು, ಕೇಳಿ, "ಚೆನ್ನಾಗಿಲ್ಲ" ಎಂದು ಹೊರಬಂದವರು ಎಷ್ಟೋ ಜನ. ವಿರೂಪಕ್ಕೆ ಮುಂಚೆ ಬಾಸ್ ಕಡಿಮೆ ಮಾಡುವ ಉಪಾಯವನ್ನು ಬೇರೆ ಮಾಡ್ಯೂಲುಗಳ ಜೊತೆಗೂ ಮಾಡಬಹುದು. ಐಬನೆಜ್ ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಪೆಡಲನ್ನು ಡ್ರೈವ್ ಸೊನ್ನೆಗಿಟ್ಟು ಭಾರೀ ಗೇನಿನ ಆಂಪಿನ ಮುಂದೆ ಬಳಸುವುದನ್ನು ನೀವು ನೋಡಿರಬಹುದು. ಅದರ ಮಂಡಲ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚು ಹಿಗ್ಗಿಸುವುದಿಲ್ಲ. ಆದ್ದರಿಂದ ಕಾರ್ಡ್ ಬಿಗಿಯಾಗುತ್ತದೆ.

ಎರಡು ಚಾನೆಲ್ ಇರುವ ಮಾಡ್ಯೂಲ್ ಸಿಕ್ಕರೆ ಸಂತೋಷ. ರಿದಮ್ಮಿಗೊಂದು, ಲೀಡಿಗೊಂದು, ಕಾಲಿನ ಸ್ವಿಚ್ಚಿನಿಂದ ಬದಲಾವಣೆ. ಆದರೆ ಫಲಕವನ್ನು ಗಮನಿಸಿ. ಎರಡು ಚಾನೆಲಿಗೂ ಪ್ರತ್ಯೇಕ ಗೇನ್ ಮತ್ತು ಪ್ರತ್ಯೇಕ ಲೆವೆಲ್ ಇರಲೇಬೇಕು. ಇವಿಲ್ಲದಿದ್ದರೆ ಬೇಡ. ಬಾಸ್-ಮಿಡ್-ಟ್ರೆಬಲ್ ಒಂದೇ ಜೊತೆ ಇದ್ದು ಎರಡು ಚಾನೆಲುಗಳು ಅದನ್ನು ಹಂಚಿಕೊಂಡಿದ್ದರೆ, ರಿದಮ್ಮಿಗೆ ತಿದ್ದಿದಾಗ ಲೀಡ್ ಕೆಡುವ ಸಂಭವವಿದೆ. ಅದನ್ನು ಕೊಳ್ಳಬಾರದೆಂದಲ್ಲ. ಎರಡಕ್ಕೂ ಒಪ್ಪುವ ಒಂದು ಸ್ಥಾನ ಅಲ್ಲಿ ಇದೆಯೇ ಎಂದು ಹುಡುಕಿ ನೋಡಿಯೇ ಕೊಳ್ಳಿ.

ಪರೀಕ್ಷೆ ಮಾಡುವಾಗ ನಿಮ್ಮದೇ ಗಿಟಾರನ್ನೂ ನೀವು ದಿನವೂ ಬಳಸುವ ಕೇಬಲ್ಲನ್ನೂ ಕೊಂಡೊಯ್ಯಿರಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮೊದಲು ಲೀಡ್ ನುಡಿಸಬೇಡಿ, ಆಸೆಯನ್ನು ಹತ್ತು ನಿಮಿಷ ತಡೆದುಕೊಳ್ಳಿ. ರಿದಂ ಚಾನೆಲಿನಲ್ಲಿ ಆರೂ ತಂತಿಗಳ ಮೇಜರ್ ಕಾರ್ಡ್ ಬಾರಿಸಿ, ಗೇನನ್ನು ನಿಧಾನವಾಗಿ ಏರಿಸುತ್ತ ಹೋಗಿ. ಕಾರ್ಡಿನೊಳಗಿನ ಗಾಂಧಾರ ಕಳೆದುಹೋಗುವ ಜಾಗ ಒಂದು ಬರುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬಂದರೆ ಅದೇ ನಿಮ್ಮ ರಿದಂ ಗೇನ್. ಆ ಜಾಗ ಗುಂಡಿಯ ಮೊದಲ ಒಂದೆರಡು ಅಂಕದಲ್ಲೇ ಬಂದುಬಿಟ್ಟರೆ ಅದು ಲೀಡಿಗೆಂದೇ ಮಾಡಿದ ಮಾಡ್ಯೂಲ್. ಆಮೇಲೆ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ: ಧ್ವನಿ ತಿಳಿಯಾಗುತ್ತದೆಯೋ, ಬರೀ ಮಂಕಾಗುತ್ತದೆಯೋ? ಲೀಡ್ ಚಾನೆಲಿನಲ್ಲಿ ಹನ್ನೆರಡನೆಯ ಮೆಟ್ಟಿಲಿನ ಮೇಲೆ ಸ್ವರ ಹಿಡಿದು ಎಳೆಯಿರಿ. ನಂತರ ತಂತಿಗಳನ್ನು ಅಂಗೈಯಿಂದ ಮುಚ್ಚಿ ಬರೀ ಸದ್ದನ್ನು ಕೇಳಿ. ಎರಡು ಮಾಡ್ಯೂಲುಗಳನ್ನು ಹೋಲಿಸುವುದಾದರೆ ಎರಡರ ಮಟ್ಟವನ್ನೂ ಸಮ ಮಾಡಿ. ಮೂರು ಡೆಸಿಬೆಲ್ ಜೋರಾಗಿರುವುದನ್ನು ಕಿವಿ "ಇದೇ ಚೆನ್ನ" ಎಂದು ಕಣ್ಣುಮುಚ್ಚಿ ಆರಿಸಿಬಿಡುತ್ತದೆ.

ಜೋಡಣೆಯ ಬಗ್ಗೆ ಸಂಕ್ಷೇಪವಾಗಿ. ಪ್ರಿಆಂಪಿನ ಹೊರಹರಿವನ್ನು ಇನ್ನೊಂದು ಗಿಟಾರ್ ಆಂಪಿನ ಮುಂದಿನ ತೂತಿಗೆ ಹಾಕಿದರೆ ಒಗ್ಗರಣೆಯ ಮೇಲೆ ಒಗ್ಗರಣೆ ಬಿದ್ದಂತೆ. ಆಂಪಿನ ಹಿಂದೆ 'ಎಫೆಕ್ಟ್ಸ್ ರಿಟರ್ನ್' ಎಂಬ ತೂತಿದ್ದರೆ ಅಲ್ಲಿಗೆ ಹಾಕಿ. ಆಗ ಸಂಜ್ಞೆ ನೇರವಾಗಿ ಪವರ್ ಆಂಪಿಗೆ ಹೋಗುತ್ತದೆ. ಸಭಾಂಗಣದ ಧ್ವನಿ ವ್ಯವಸ್ಥೆಗೆ ನೇರ ಕೊಡುವುದಾದರೆ ಸ್ಪೀಕರ್ ಅನುಕರಣೆಯ ಮಂಡಲ ಬೇಕೇಬೇಕು. ಹನ್ನೆರಡು ಅಂಗುಲದ ಗಿಟಾರ್ ಸ್ಪೀಕರ್ 5000 ಹರ್ಟ್ಸಿನ ಮೇಲಿನದನ್ನು ಬಹುಪಾಲು ನುಂಗಿಹಾಕುತ್ತದೆ. ಆ ಸೋಸುವಿಕೆ ಇಲ್ಲದಿದ್ದರೆ ವಿರೂಪಗೊಂಡ ಗಿಟಾರ್ ಡಬ್ಬಿಯೊಳಗಿನ ಜೇನುಹುಳುವಿನಂತೆ ಕೇಳುತ್ತದೆ.

ವಿದೇಶದಿಂದ ಬಂಧುಗಳು ತಂದುಕೊಡುವುದಾದರೆ ಬೆನ್ನಿನ ಚೀಟಿಯನ್ನು ಓದಿ. ಅಮೆರಿಕದ ಮೈನ್ಸ್ 120 ವೋಲ್ಟ್, ನಮ್ಮದು 230. ವೋಲ್ಟೇಜ್ ಬದಲಿಸುವ ಸೌಲಭ್ಯವಿಲ್ಲದ ಗೂಡನ್ನು ನಮ್ಮ ಗೋಡೆಗೆ ಚುಚ್ಚಿದರೆ ಫ್ಯೂಸಿನ ಜೊತೆಗೆ ಟ್ರಾನ್ಸ್‌ಫಾರ್ಮರೂ ಹೋಗಬಹುದು. ಮಾಡ್ಯೂಲ್ ಬದಲಿಸುವಾಗ ಸ್ವಿಚ್ ಆರಿಸಿಯೇ ಬದಲಿಸಿ. ಕುತೂಹಲಕ್ಕೆಂದು ಮುಚ್ಚಳ ತೆಗೆಯುವ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ: ಒಳಗಿನ 300 ವೋಲ್ಟ್ ಪ್ರಾಣಾಪಾಯಕಾರಿ. ಸ್ವಿಚ್ ಆರಿಸಿದ ಮೇಲೂ ಧಾರಕಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ.

ವಾಲ್ವ್ ಮಾಡ್ಯೂಲಿನ ಬೆಲೆ ಕೇಳಿ ನಿರಾಶರಾಗಬೇಡಿ. ಟ್ರಾನ್ಸಿಸ್ಟರಿನ ಪ್ರಿಆಂಪ್ ಪೆಡಲುಗಳಿವೆ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂದಂದಿನಿಂದ ಇವೇ ಮಂಡಲಗಳನ್ನು ಲೆಕ್ಕದಿಂದ ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳೂ, ಇತ್ತೀಚೆಗೆ ಕಂಪ್ಯೂಟರು ಮೊಬೈಲುಗಳ ತಂತ್ರಾಂಶಗಳೂ ಸಿಗುತ್ತವೆ. ಪಟ್ಟಿಯಲ್ಲಿ ನೂರು ಹೆಸರುಗಳಿರಬಹುದು. ಅಲ್ಲೂ 110 ಮತ್ತು 138.6 ಸೇರಿದರೆ 167.2 ಹುಟ್ಟಿಯೇ ಹುಟ್ಟುತ್ತದೆ. ಆದ್ದರಿಂದ ಕಾರ್ಡಿನ ಪರೀಕ್ಷೆಯನ್ನು ಹಾಗೆಯೇ ಮಾಡಿ.

ಮನೆಗೆ ತಂದ ಮೇಲೆ ಕೋಣೆಯಲ್ಲಿ ಸಣ್ಣ ಶಬ್ದದಲ್ಲಿ ಹೊಂದಿಸಿದ ಧ್ವನಿ ವೇದಿಕೆಯಲ್ಲಿ ಬದಲಾಗುತ್ತದೆ ಎಂಬುದು ನೆನಪಿರಲಿ. ಶಬ್ದ ಕಡಿಮೆಯಿದ್ದಾಗ ನಮ್ಮ ಕಿವಿಗೆ ಕೆಳಸ್ವರಗಳು ಸರಿಯಾಗಿ ಕೇಳುವುದಿಲ್ಲ ಎಂಬುದನ್ನು 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದರು. ಕೋಣೆಯಲ್ಲಿ ಹಿತವೆಂದು ಏರಿಸಿದ ಬಾಸ್ ವೇದಿಕೆಯಲ್ಲಿ ಗುಮ್ಮೆಂದು ಬಾಸ್ ಗಿಟಾರಿನ ಜಾಗವನ್ನೇ ಆಕ್ರಮಿಸುತ್ತದೆ. ಡ್ರಮ್ಸ್ ನುಡಿಸುವ ಗೆಳೆಯ ಅಭ್ಯಾಸಕ್ಕೆ ಬಂದ ದಿನ ಬಾಸ್ ಗುಂಡಿಯನ್ನು ಎರಡು ಅಂಕ ಇಳಿಸಿ, ಮಿಡ್ ಗುಂಡಿಯನ್ನು ಒಂದು ಅಂಕ ಏರಿಸಿ ನೋಡಿ. ಇನ್ನೊಬ್ಬರನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ರಿದಂ ಬಾರಿಸುವಾಗ ಕಾರ್ಡು ಮೇಜರೋ ಮೈನರೋ ಎಂದು ಗುರುತಿಸಲು ಹೇಳಿ. ಅವರಿಗೆ ತಿಳಿದ ಸ್ಥಾನದಲ್ಲಿ ಗೇನ್ ಗುಂಡಿಯ ಪಕ್ಕ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಳ್ಳಿ.